ಗರ್ಭಕೋಶ ಕೊಯ್ದು ಬಿಸಾಡುವ ವಸ್ತುವಲ್ಲ

ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವಳು, ಹೊನ್ನಾಳಿ, ನ್ಯಾಮತಿಗಳ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವಳು, ಜಗಳೂರಿನಲ್ಲಿ ಬಿಂದಿಗೆ ಹೊರುವವಳು: ಇವರಲ್ಲಿ ಎಷ್ಟೋ ಮಂದಿ ಅತಿಯಾದ ಮುಟ್ಟು, ಬಿಳಿಸೆರಗು, ಗರ್ಭಕೋಶ ಜಾರುವ ಬೇನೆಗಳನ್ನು ವರ್ಷಗಟ್ಟಲೆ ಬಚ್ಚಿಟ್ಟುಕೊಂಡೇ ದುಡಿಯುತ್ತಾರೆ. ತಡೆಯಲಾರದೆ ಆಸ್ಪತ್ರೆ ಮೆಟ್ಟಿಲು ಹತ್ತಿದ ದಿನ ಅನೇಕರಿಗೆ ಸಿಗುವ ಉತ್ತರ ಒಂದೇ: “ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ.”

ನೆಗಡಿ ಬಂತೆಂದು ಮೂಗು ಕೊಯ್ಯುವ ಈ ವೈದ್ಯವನ್ನು ನಾವು ಒಪ್ಪಲಾರೆವು. ಹೊನ್ನಾಳಿಗೆ ನೆರೆಯದಾದ ರಾಣೆಬೆನ್ನೂರಿನ ನೂರಾರು ಬಡ ಹೆಣ್ಣುಮಕ್ಕಳು, ಅದರಲ್ಲೂ ತಾಂಡಾದವರು, ತಮ್ಮ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ದೂರಿ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಕಲಬುರಗಿಯಲ್ಲಿ ಇಂಥದ್ದೇ ದೂರಿನ ಮೇಲೆ 2015ರಲ್ಲಿ ಸರಕಾರಿ ತನಿಖೆ ನಡೆಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅನುಸರಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿ ಇರಬೇಕೆಂಬುದು ಅದರಲ್ಲಿದೆ.

ಕ್ಯಾನ್ಸರಿದ್ದಾಗ, ಯಾವ ಔಷಧಕ್ಕೂ ರಕ್ತ ನಿಲ್ಲದಾಗ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ಅದಕ್ಕೆ ಹೆದರಬಾರದು. ಆದರೆ ಬಿಳಿಸೆರಗು ಸೋಂಕಿನಿಂದಾದರೆ ಮಾತ್ರೆಗೆ ಗುಣವಾಗುತ್ತದೆ. ಅತಿ ಮುಟ್ಟಿಗೆ ಔಷಧವುಂಟು, ರಕ್ತಹೀನತೆಗೆ ಕಬ್ಬಿಣದ ಮಾತ್ರೆಯುಂಟು. ಗರ್ಭಕೋಶದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ. ತೊಂದರೆ ಕೊಡದಿದ್ದರೆ ಆಗಾಗ ಪರೀಕ್ಷಿಸಿಕೊಂಡರೆ ಸಾಕು. ಜಾರಿದ ಗರ್ಭಕೋಶವನ್ನು ಒಳಗಿಡುವ ಬಳೆಯಿಂದ ಹಿಡಿದು ನಿಲ್ಲಿಸಬಹುದು. ಆರಂಭದಲ್ಲಿ ವ್ಯಾಯಾಮವೂ ನೆರವಾಗುತ್ತದೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡಮಾಡಕೂಡದು. ಸಣ್ಣ ವಯಸ್ಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ. ಈಗಾಗಲೇ ತೆಗೆಸಿಕೊಂಡವರು ವೈದ್ಯರ ಸಂಪರ್ಕ ಬಿಡಬಾರದು.

ಇಷ್ಟನ್ನು ತಿಳಿದರೂ ಸಾಲದು. ವಾಸಿಯಾಗಲು ವಿಶ್ರಾಂತಿ ಬೇಕು. ಕೂಲಿಯವಳಿಗೆ ವಿಶ್ರಾಂತಿಯೆಂದರೆ ಉಪವಾಸ. ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಒಪ್ಪಿತು. ಸಂತೋಷ. ಆದರೆ ಹಾಜರಿ ಪುಸ್ತಕವೇ ಇಲ್ಲದ ಅಡಿಕೆ ಸುಲಿಯುವವಳಿಗೆ ಅದನ್ನು ಮುಟ್ಟಿಸುವವರು ಯಾರು?

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆ ಇರಬೇಕು. ಜಿಲ್ಲೆಯಲ್ಲಿ ಎಷ್ಟು ಗರ್ಭಕೋಶ ತೆಗೆದರು, ಯಾವ ವಯಸ್ಸಿನವರದು, ಯಾವ ಕಾರಣಕ್ಕೆ ಎಂಬ ಲೆಕ್ಕವನ್ನು ಸಮಿತಿ ಜನರ ಮುಂದಿಡಬೇಕು. ದುಡಿಯುವ ಜಾಗದಲ್ಲಿ ನೀರು, ಕಕ್ಕಸು ಇರಲೇಬೇಕು.

ಗಿರಣಿಯ ಸೋದರರಿಗೆ, ಅಂಗಡಿಯ ಬಾಂಧವರಿಗೆ ಒಂದು ಮಾತು. ನಿಮಗೆ ಇ.ಎಸ್.ಐ. ಇದ್ದರೆ ನಿಮ್ಮ ಹೆಂಡತಿಗೂ ಅಲ್ಲಿ ಚಿಕಿತ್ಸೆಯ ಹಕ್ಕಿದೆ. ಒಡವೆ ಒತ್ತೆಯಿಟ್ಟು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಮತ್ತೊಬ್ಬ ವೈದ್ಯರನ್ನು ಕೇಳಿ. “ಹೆಂಗಸರ ವಿಷಯ” ಎಂದು ಮುಖ ತಿರುಗಿಸಬೇಡಿ. ಮನೆ ನಡೆಯುತ್ತಿರುವುದು ಅವಳ ಆರೋಗ್ಯದ ಮೇಲೆ. ಅವಳ ದೇಹದ ಕುರಿತ ಕೊನೆಯ ಮಾತು ಅವಳದೇ ಆಗಿರಲಿ.