ಕೊಲೆಗಾರ ಜಾಣನಲ್ಲ ಕಣ್ರೀ

ಬ್ರಿಟಿಷ್ ಟಿವಿಯವರ ಸೀರಿಯಲ್ ಕಿಲ್ಲರ್ ಕಥೆಗಳು ನಮಗೆ ಒಂದು ಸುಳ್ಳನ್ನು ಚೆಂದವಾಗಿ ಪ್ಯಾಕ್ ಮಾಡಿ ಮಾರುತ್ತಿವೆ. ಕೊಲೆಗಾರ ಭಾರಿ ಬುದ್ಧಿವಂತ, ಅವನ ತಲೆಯೊಳಗೆ ಏನಿತ್ತು ಅಂತ ತಿಳಿಯೋದೇ ದೊಡ್ಡ ವಿಷಯ ಅನ್ನೋ ಸುಳ್ಳು. ಸೋಮವಾರ ಬಂದರೆ ನಮ್ಮ ಆಫೀಸ್ ಕ್ಯಾಂಟೀನಲ್ಲಿ ಇದೇ ಚರ್ಚೆ. "ಏನ್ ಮೈಂಡ್ ಗುರು ಅವಂದು!"

ಯಾವ ಮೈಂಡು ಸ್ವಾಮಿ? ಯಾರ್ಕ್‌ಷೈರಿನ ಪೀಟರ್ ಸಟ್‌ಕ್ಲಿಫ್ ಒಬ್ಬ ಲಾರಿ ಡ್ರೈವರ್. 1975ರಿಂದ 1980ರೊಳಗೆ 13 ಹೆಂಗಸರನ್ನು ಕೊಂದ. ಆ ತನಿಖೆಯಲ್ಲಿ ಪೊಲೀಸರು ಅವನನ್ನು 9 ಸಲ ವಿಚಾರಿಸಿ ಬಿಟ್ಟು ಕಳಿಸಿದ್ದರು. ಕೊನೆಗೆ 1981ರ ಜನವರಿಯಲ್ಲಿ ಶೆಫೀಲ್ಡಿನಲ್ಲಿ ಸಿಕ್ಕಿಬಿದ್ದಿದ್ದು ಕಾರಿಗೆ ಸುಳ್ಳು ನಂಬರ್ ಪ್ಲೇಟ್ ಹಾಕಿಕೊಂಡಿದ್ದಕ್ಕೆ. ಕೊಟ್ಟಿಗೆ ಬಾಗಿಲು ತೆರೆದಿಟ್ಟು ಮಲಗಿ, ಬೆಳಗ್ಗೆ ಎದ್ದು ದನಗಳ್ಳ ಮಹಾ ಚತುರ ಅಂದಂಗಾಯ್ತು.

ತನಿಖೆಯ ಮಾಹಿತಿಯೆಲ್ಲ ಲೀಡ್ಸ್ ಠಾಣೆಯಲ್ಲಿ ಕಾಗದದ ಕಾರ್ಡುಗಳಲ್ಲಿ ತುಂಬಿತ್ತು. ಅವನ ಕಾರು ಎಲ್ಲೆಲ್ಲಿ ಕಂಡಿತ್ತು ಅನ್ನೋದು ಒಂದು ಕಡೆ, ಸತ್ತವಳ ಬ್ಯಾಗಿನಲ್ಲಿ ಸಿಕ್ಕ 5 ಪೌಂಡಿನ ನೋಟು ಅವನ ಕಂಪನಿಯತ್ತ ಬೆರಳು ತೋರಿಸಿದ್ದು ಇನ್ನೊಂದು ಕಡೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡೇಟಾ ಇತ್ತು, ಜಾಯಿನ್ ಇರಲಿಲ್ಲ. ಮೇಲೆ 1979ರಲ್ಲಿ ಯಾರೋ ತಾನೇ ಕೊಲೆಗಾರ ಅಂತ ಕಳಿಸಿದ ಸುಳ್ಳು ಕ್ಯಾಸೆಟ್ಟನ್ನು ನಂಬಿ, ಆ ಧಾಟಿಯಲ್ಲಿ ಮಾತಾಡದವರನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿದರು. ದಾಳಿಯಿಂದ ಬದುಕುಳಿದ ಹೆಂಗಸರು ಅವನ ಮಾತು ಯಾರ್ಕ್‌ಷೈರಿನದು ಅಂದಿದ್ದರೂ ಕೇಳಲಿಲ್ಲ. ಈ ಸೋಲಿನಿಂದಲೇ 1985ರಲ್ಲಿ 'ಹೋಮ್ಸ್' ಅನ್ನೋ ಪೊಲೀಸ್ ಕಂಪ್ಯೂಟರ್ ವ್ಯವಸ್ಥೆ ಬಂತು.

ಕಾರ್ಡಿಗಿಂತ ದೊಡ್ಡ ತೊಂದರೆ ಮನಸ್ಸಿನದು. ಮೊದಲು ಸತ್ತವರಿಗೆ ವೇಶ್ಯೆಯರು ಅಂತ ಹಣೆಪಟ್ಟಿ ಕಟ್ಟಿದರು. 1977ರಲ್ಲಿ 16 ವರ್ಷದ ಹುಡುಗಿ ಸತ್ತ ಮೇಲೆ 'ಅಮಾಯಕಳು' ಅನ್ನೋ ಮಾತು ಬಂತು. ಹಾಗಾದರೆ ಮೊದಲಿನವರೇನು ತಪ್ಪಿತಸ್ಥರೇ? ಬಳಸಿದ ಭಾಷೆಗೆ ಪೊಲೀಸ್ ಇಲಾಖೆ ಕ್ಷಮೆ ಕೇಳಿದ್ದು 2020ರಲ್ಲಿ, ಕೊಲೆಗಾರ ಸತ್ತ ಮೇಲೆ. ಅದೇ ವರ್ಷ ನೆಟ್‌ಫ್ಲಿಕ್ಸ್ ತನ್ನ ಡಾಕ್ಯುಮೆಂಟರಿಗೆ 'ದಿ ರಿಪ್ಪರ್' ಅಂತಲೇ ಹೆಸರಿಟ್ಟಿತು. ಬೇಡ ಅಂತ ಸಂತ್ರಸ್ತರ ಮನೆಯವರು ಕಾಗದ ಬರೆದರೂ ಬದಲಾಯಿಸಲಿಲ್ಲ.

ಡೆನಿಸ್ ನಿಲ್ಸೆನ್ ಕಥೆಯೂ ಇದೇ. ಕೈಯಿಂದ ತಪ್ಪಿಸಿಕೊಂಡು ಬಂದವರು ಹೇಳಿದ್ದನ್ನು ಪೊಲೀಸರು ಗಂಭೀರವಾಗಿ ತಗೊಳ್ಳಲಿಲ್ಲ. ಸತ್ತವರಲ್ಲಿ ಎಷ್ಟೋ ಮಂದಿ ಮನೆಯಿಲ್ಲದ ಹುಡುಗರು, ಸಲಿಂಗಿಗಳು. 1983ರಲ್ಲಿ ಅವನನ್ನು ಹಿಡಿದುಕೊಟ್ಟಿದ್ದು ಕಟ್ಟಿಕೊಂಡ ಚರಂಡಿ. ಡಾಕ್ಟರ್ ಹೆರಾಲ್ಡ್ ಶಿಪ್ಮನ್ ಬಗ್ಗೆ 1998ರ ಮಾರ್ಚಿನಲ್ಲೇ ದೂರು ಹೋಗಿತ್ತು. ಪೊಲೀಸರು ಏನೂ ಇಲ್ಲ ಅಂದರು, ಆಮೇಲೆ ಇನ್ನೂ ಮೂವರು ಸತ್ತರು. ವಿಚಾರಣಾ ಆಯೋಗ ಲೆಕ್ಕ ಹಾಕಿದಾಗ ಸಿಕ್ಕಿದ್ದು 215 ಕೊಲೆ, ಹೆಚ್ಚಿನವರು ವಯಸ್ಸಾದವರು.

ಯಾರ ಮಾತಿಗೆ ಬೆಲೆಯಿಲ್ಲವೋ ಅವರನ್ನೇ ಆರಿಸಿಕೊಳ್ಳೋಕೆ ಮೈಂಡ್ ಬೇಕಾಗಿಲ್ಲ.

'ನಟನೆಗೋಸ್ಕರ ನೋಡ್ತೀವಿ' ಅಂತೀರಿ. ನಿಲ್ಸೆನ್ ಪಾತ್ರಕ್ಕೆ ಡೇವಿಡ್ ಟೆನೆಂಟ್‌ಗೆ ಇಂಟರ್‌ನ್ಯಾಷನಲ್ ಎಮಿ ಬಂತು, ಒಪ್ಪಿದೆ. ಆದರೆ ಅದೇ ಐಟಿವಿ 2023ರಲ್ಲಿ 'ದಿ ಲಾಂಗ್ ಶ್ಯಾಡೋ' ಮಾಡಿ, ಸಟ್‌ಕ್ಲಿಫ್‌ನನ್ನು ಮೂಲೆಗೆ ತಳ್ಳಿ, ಹೆಂಗಸರನ್ನೂ ಪೊಲೀಸರ ಎಡವಟ್ಟನ್ನೂ ಮುಂದೆ ತಂದಿತು. ಅಂದರೆ ಹೀಗೂ ಮಾಡಬಹುದು. ಮಾಡದಿದ್ದರೆ ಅದು ಸೋಮಾರಿತನ, ಇಲ್ಲಾ ದುಡ್ಡು. ಕೊಲೆಗಾರನ ಮುಖ ದೊಡ್ಡದಾಗಿ ಹಾಕಿದ ಪೋಸ್ಟರ್ ಕಂಡರೆ ಮುಂದಕ್ಕೆ ಸ್ಕ್ರೋಲ್ ಮಾಡಿ. ಆ ಕಾರ್ಡುಗಳ ಕೋಣೆಯ ಕಥೆ ಯಾರಾದರೂ ತೆಗೆದರೆ ಹೇಳಿ, ರಜೆ ಹಾಕಿ ನೋಡ್ತೀನಿ.