ಲೋಟ ಎಂಜಲಾಗುತ್ತೆ, ಬ್ರಷ್ ಆಗಲ್ವಾ?

ಜನವರಿಯಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವ ಇತ್ತು. ಎರಡನೇ ಕ್ಲಾಸಿನ 22 ಹೆಣ್ಣುಮಕ್ಕಳ ಕೋಲಾಟ. ಮಕ್ಕಳಿಗೆ ಮೇಕಪ್ ಮಾಡೋಕೆ ತಾಯಂದಿರು ಯಾರಾದರೂ ಬನ್ನಿ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ನಾನೇ ಮೊದಲು ಒಪ್ಪಿಕೊಂಡೆ. ಸುದ್ದಿ ಹುಡುಕಿಕೊಂಡು ಜಿಲ್ಲೆ ತುಂಬ ಓಡಾಡುವವಳು, ಮಗಳ ಶಾಲೆಗೆ ಒಂದು ದಿನವೂ ಆಗಲಿಲ್ಲ ಅನ್ನೋ ಮಾತು ಬೇಡ ಅಂತ.

ನನ್ನ ಹತ್ತಿರ ಇದ್ದದ್ದು ಒಂದು ಸ್ಪಾಂಜು, ಒಂದು ಪೌಡರ್ ಬ್ರಷ್, ಒಂದು ಐಲೈನರ್, ಒಂದು ಕೆಂಪು ಲಿಪ್‌ಸ್ಟಿಕ್. ಒಂದೂವರೆ ಗಂಟೆಯಲ್ಲಿ 22 ಮುಖ ಮುಗಿಸಿದೆ. ಬಂದವರೆಲ್ಲ ಭೇಷ್ ಅಂದರು. ಮೂರನೇ ದಿನ ಬೆಳಿಗ್ಗೆ ಮಗಳ ಎಡಗಣ್ಣು ಕೀವು ಕಟ್ಟಿ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ಹತ್ತಿ ಅದ್ದಿ ಒರೆಸಿ ಬಿಡಿಸಬೇಕಾಯಿತು. ಸಂಜೆ ಹೊತ್ತಿಗೆ ಗ್ರೂಪಿನಲ್ಲಿ ಇನ್ನೂ ನಾಲ್ಕು ತಾಯಂದಿರು ಅದನ್ನೇ ಬರೆದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಕಣ್ಣಿಗೆ ಏನಾದ್ರೂ ಹಚ್ಚಿದ್ರಾ? ಯಾರದ್ದು?"

ಅದು ನನ್ನ ಐಲೈನರ್‌ನಿಂದಲೇ ಬಂತು ಅಂತ ಪ್ರಮಾಣ ಮಾಡಿ ಹೇಳಲಾರೆ. ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಆಡ್ತಾರೆ, ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ತಾರೆ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದ ತುಂಬ ಹಬ್ಬಿದ್ದು ನೆನಪಿರಬಹುದು. ಆಗ ಯಾರೂ ಮೇಕಪ್ ಮಾಡಿಕೊಂಡಿರಲಿಲ್ಲ. ಆದರೂ ಒಂದೇ ಐಲೈನರ್ ಕಡ್ಡಿಯನ್ನು 44 ರೆಪ್ಪೆಗಳ ಮೇಲೆ ಎಳೆದು, ಪ್ರತಿಸಲವೂ ಅದೇ ಬಾಟಲಿಯೊಳಗೆ ಅದ್ದಿದವಳು ನಾನೇ. ಅದನ್ನು ಯಾರ ತಲೆಗೆ ಕಟ್ಟಲಿ?

ನಮ್ಮ ಮನೆಗಳಲ್ಲಿ ಎಂಜಲು ಅನ್ನೋ ಲೆಕ್ಕ ಎಷ್ಟು ಬಿಗಿ ನೋಡಿ. ನೀರಿನ ಚೊಂಬನ್ನು ಕಚ್ಚಿ ಕುಡಿದರೆ ಅಜ್ಜಿ ಬೈತಾಳೆ, ಎತ್ತಿ ಕುಡಿಯಬೇಕು. ತುತ್ತು ತಿಂದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ಬೂಸಲು ಬರುತ್ತೆ. ಅದೇ ಮನೆಯ ಮದುವೆಯಲ್ಲಿ ಒಂದು ಲಿಪ್‌ಸ್ಟಿಕ್ ಮದುವಣಗಿತ್ತಿಯ ತುಟಿಯಿಂದ ತಂಗಿಗೆ, ತಂಗಿಯಿಂದ ಚಿಕ್ಕಮ್ಮನಿಗೆ, ಅಲ್ಲಿಂದ ಬೀಗರ ಕಡೆಯ ಹುಡುಗಿಗೆ ಹೋಗುತ್ತೆ. ಆಗ ಎಂಜಲು ಎಲ್ಲಿ ಹೋಯಿತು? ಉಪ್ಪಿನಕಾಯಿಯ ವಿಷಯದಲ್ಲಿ ಅಜ್ಜಿಗೆ ಗೊತ್ತಿದ್ದದ್ದು ಲಿಪ್‌ಸ್ಟಿಕ್‌ನ ವಿಷಯದಲ್ಲಿ ನಮಗೆ ಹೊಳೆಯಲಿಲ್ಲ.

ಈ ಪ್ರಶ್ನೆ ಇಟ್ಟುಕೊಂಡು ನಮ್ಮೂರಿನಲ್ಲಿ ಪಾರ್ಲರ್ ಇಟ್ಟಿರುವ ಹುಡುಗಿಯ ಹತ್ತಿರ ಹೋದೆ. ಮನೆಯ ಮುಂದಿನ ಕೋಣೆಯೇ ಪಾರ್ಲರ್. ನಮ್ಮ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಂಥ ಕಡೆ ಊಟ, ವಸತಿ ಕೊಟ್ಟು ಬಿಟ್ಟಿಯಾಗಿ ಕಲಿಸುತ್ತಾರಲ್ಲ, ಅಂಥದ್ದೊಂದು ತರಬೇತಿ ಮುಗಿಸಿ ಬಂದವಳು. "ಬ್ರಷ್ ಹೆಂಗೆ ತೊಳೀತೀಯಮ್ಮ?" ಅಂದೆ. ಮುಖ ಗಂಟಿಕ್ಕಿದಳು. "ನಾನು ಗಲೀಜು ಅಂತ ಯಾರಾದ್ರೂ ಹೇಳಿದ್ರಾ ಅಕ್ಕ?" ನನ್ನ ಮಗಳ ಕಣ್ಣಿನ ಕಥೆ ಹೇಳಿದ ಮೇಲೆ ಸಮಾಧಾನವಾಯಿತು. ಆಮೇಲೆ ಅವಳು ಹೇಳಿದ್ದನ್ನು ನಾವೆಲ್ಲ ಕೇಳಿಸಿಕೊಳ್ಳಬೇಕು.

"ತೊಳೀಬೇಕು ಅಂತ ನಂಗೆ ಕಲಿಸ್ಯಾರೆ ಅಕ್ಕ. ಟೈಮ್ ಎಲ್ಲೈತೆ? ಆರು ಗಂಟೆ ಮುಹೂರ್ತ ಅಂದ್ರೆ ಮೂರೂವರೆಗೆ ಛತ್ರದಾಗೆ ಇರಬೇಕು. ಹೆಣ್ಣಿಗೆ ಒಂದೂವರೆ ಗಂಟೆ. ಅದು ಮುಗಿಯೋದ್ರೊಳಗೆ ಹೆಣ್ಣಿನ ಅಕ್ಕ, ಅತ್ತೆ, ಸೋದರತ್ತೆ ಮಗಳು ಎಲ್ಲಾ ಸಾಲಾಗಿ ಕೂತಿರ್ತಾರೆ. ಒಂಚೂರು ಟಚಪ್ ಮಾಡಮ್ಮ ಅಂತಾರೆ. ದುಡ್ಡು ಕೇಳಂಗಿಲ್ಲ. ಒದ್ದೆ ಬ್ರಷ್‌ನಾಗೆ ಪೌಡರ್ ಹಚ್ಚಕ್ಕಾಗುತ್ತಾ? ಮಧ್ಯಾಹ್ನ ಇನ್ನೊಂದು ಊರಾಗೆ ರಿಸೆಪ್ಷನ್."

ಅವಳ ಹತ್ತಿರ ಇದ್ದದ್ದು ಒಂದೇ ಸೆಟ್, ಅದರಲ್ಲಿ ಒಂಬತ್ತು ಬ್ರಷ್. ಮದುವಣಗಿತ್ತಿಯ ಮೇಕಪ್ಪಿಗೆ ನಮ್ಮೂರಲ್ಲಿ ಅವಳಿಗೆ ಸಿಗುವುದು ಮೂರು ಸಾವಿರ, ಅದರಲ್ಲೂ ಐನೂರು ಚೌಕಾಸಿ. ಅದೇ ಮದುವೆಯಲ್ಲಿ ಮೊಗ್ಗಿನ ಜಡೆಗೆ, ಡ್ರೋನ್ ಕ್ಯಾಮೆರಾಗೆ ಎಷ್ಟು ಕೊಟ್ಟೆವು ಅಂತ ಲೆಕ್ಕ ಹಾಕಿ ನೋಡಿ. ಒಂದು ದಿನ ಉಪಯೋಗಿಸಿದ ಬ್ರಷ್ ತೊಳೆದು, ಒಣಗಿಸಿ, ಮತ್ತೆ ಎತ್ತಿಕೊಳ್ಳೋಕೆ ಒಂದಿಡೀ ರಾತ್ರಿ ಬೇಕು. ಆ ರಾತ್ರಿಯನ್ನು ಅವಳಿಗೆ ಯಾರೂ ಕೊಡ್ತಿಲ್ಲ. ಕೊಳಕು ಬ್ರಷ್ ಅವಳ ಸೋಮಾರಿತನ ಅಂತ ನಾನು ಮೊದಲು ಅಂದುಕೊಂಡು ಹೋಗಿದ್ದೆ. ಅದು ತಪ್ಪು. ಅದರಲ್ಲಿ ಅರ್ಧ ನಮ್ಮ ಚೌಕಾಸಿ, ಇನ್ನರ್ಧ ನಮ್ಮ ಬಿಟ್ಟಿ ಟಚಪ್ಪು.

ಹಾಗಂತ ತೊಳೆಯದೆ ಬಿಡೋ ವಿಷಯವೂ ಅಲ್ಲ. ಬ್ರಷ್‌ನ ಕೂದಲಿನ ಬುಡದಲ್ಲಿ ಮುಖದ ಜಿಡ್ಡು, ಬೆವರು, ಸತ್ತ ಚರ್ಮ, ಹಳೇ ಫೌಂಡೇಶನ್ ಸೇರಿಕೊಂಡು ಕೂತಿರುತ್ತೆ. ರೋಗಾಣುಗಳಿಗೆ ಅದು ಒಳ್ಳೆ ಗೊಬ್ಬರ. ಒಬ್ಬರ ಮುಖದ ಕೀವುಗುಳ್ಳೆ ಇನ್ನೊಬ್ಬರಿಗೆ ಹೋಗಬಹುದು, ಇದ್ದ ಮೊಡವೆ ಹೆಚ್ಚಾಗಬಹುದು. ಜ್ವರ ಬಂದಾಗ ತುಟಿಯಂಚಿನಲ್ಲಿ ಏಳೋ ನೀರುಗುಳ್ಳೆ ಇದೆಯಲ್ಲ, ಅದು ವೈರಸ್‌ನಿಂದ ಬರೋದು, ಲಿಪ್‌ಸ್ಟಿಕ್ ಹಂಚಿಕೊಂಡರೆ ಹಂಚಿಹೋಗುತ್ತೆ. ಮನೆಯಲ್ಲಿ ಒಬ್ಬರೇ ಬಳಸೋ ಬ್ರಷ್ ಆದರೂ 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಅನ್ನುತ್ತೆ ಅಮೆರಿಕದ ಚರ್ಮವೈದ್ಯರ ಸಂಘ. ಹತ್ತು ಮುಖ ಸುತ್ತೋ ಬ್ರಷ್‌ಗೆ ಆ ಲೆಕ್ಕ ಸಾಲದು, ಮುಖಕ್ಕೊಂದು ಸಲ ಶುಚಿ ಆಗಲೇಬೇಕು.

ತೊಳೆಯೋದು ಕಷ್ಟವೇನಲ್ಲ. ಅವತ್ತು ಆ ಹುಡುಗಿ ಮತ್ತು ನಾನು ಅವರ ಹಿತ್ತಲಿನ ಕಲ್ಲಿನ ಮೇಲೆ ಕೂತು ಒಂಬತ್ತನ್ನೂ ತೊಳೆದೆವು. ಒಂದು ಬಟ್ಟಲಿಗೆ ಉಗುರುಬೆಚ್ಚಗಿನ ನೀರು, ಅದಕ್ಕೆ ಶ್ಯಾಂಪೂ ಪ್ಯಾಕೆಟ್ ಒಂದು. ಬಟ್ಟೆ ಸೋಪು, ಪಾತ್ರೆ ಪುಡಿ ಬೇಡ, ಕೂದಲು ಬಿರುಸಾಗುತ್ತೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು ಬೇರೆ. ಆ ನೀರಿಗೆ ಸೋಪು ಹಾಕಿದರೆ ನೊರೆ ಬರೋ ಬದಲು ಬಿಳಿ ಜಿಡ್ಡು ಕಟ್ಟುತ್ತೆ, ಅದೇ ಜಿಡ್ಡು ಕೂದಲಿಗೂ ಹತ್ತುತ್ತೆ. ಶ್ಯಾಂಪೂನಲ್ಲಿ ಆ ಕಾಟ ಕಡಿಮೆ. ಕೊನೇ ಸಲ ಜಾಲಿಸೋಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಎರಡು ಲೋಟ ಇಟ್ಟುಕೊಂಡರೆ ಒಳ್ಳೇದು, ಒಣಗಿದ ಮೇಲೆ ಕೂದಲು ಮೆತ್ತಗೆ ಬರುತ್ತೆ.

ಇಲ್ಲಿ ಒಂದು ವಿಷಯ ಗಮನ ಇಟ್ಟು ನೋಡಬೇಕು. ಬ್ರಷ್‌ನ ಕೂದಲನ್ನು ಮರದ ಹಿಡಿಗೆ ಸೇರಿಸಿರೋ ತಗಡಿನ ಬಳೆ ಇರುತ್ತಲ್ಲ, ಅದರೊಳಗೆ ಅಂಟು ಹಾಕಿರ್ತಾರೆ. ಬಳೆಯೊಳಗೆ ನೀರು ಹೋದರೆ ಅಂಟು ಬಿಡುತ್ತೆ, ಕೂದಲು ಉದುರುತ್ತೆ, ಕೊನೆಗೆ ತಲೆಯೇ ಕಳಚಿ ಕೈಗೆ ಬರುತ್ತೆ. ಅದಕ್ಕೇ ಬ್ರಷ್‌ಗಳನ್ನು ನೀರಿನಲ್ಲಿ ನೆನೆಹಾಕಿ ಹೋಗಬಾರದು. ಕೂದಲಿನ ತುದಿ ಕೆಳಗೆ ಮಾಡಿ, ಕೂದಲು ಮಾತ್ರ ಅದ್ದಿ, ಅಂಗೈ ಮೇಲೆ ಮೆಲ್ಲಗೆ ಸುತ್ತು ತಿರುಗಿಸಿ. ರಂಗೋಲಿ ಬಣ್ಣ ಕಲಸಿದ ಹಾಗೆ ಅಂಗೈ ಕೆಂಪು, ಕಂದು ಆಗುತ್ತೆ. ಮೊದಲನೇ ಬಟ್ಟಲಿನ ನೀರು ಟೀ ಥರ ಆಯಿತು. ಆ ಹುಡುಗಿ ನನ್ನ ಮುಖ ನೋಡಿದಳು, ನಾನು ಬಟ್ಟಲು ನೋಡಿದೆ. ಇಬ್ಬರೂ ಏನೂ ಅನ್ನಲಿಲ್ಲ.

ನೀರು ತಿಳಿಯಾಗುವ ತನಕ ಜಾಲಿಸಬೇಕು. ಲಿಪ್‌ಸ್ಟಿಕ್, ಫೌಂಡೇಶನ್ ಥರ ಜಿಡ್ಡಿನ ಬಣ್ಣ ಹಿಡಿದಿರೋ ಬ್ರಷ್ ಬರೀ ಶ್ಯಾಂಪೂಗೆ ಬಗ್ಗಲ್ಲ. ನಾಟಕದವರು ಬಣ್ಣ ತೆಗೆಯೋಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳೋದು ನೋಡಿರ್ತೀರಿ. ಇಲ್ಲೂ ಅದೇ ಉಪಾಯ. ಎರಡು ಹನಿ ಎಣ್ಣೆ ಕೂದಲಿಗೆ ಸವರಿ, ಹಳೇ ಕಾಟನ್ ಬಟ್ಟೆಗೆ ಒರೆಸಿ, ಆಮೇಲೆ ಶ್ಯಾಂಪೂ. ಎಣ್ಣೆ ಪೂರ್ತಿ ಹೋಗೋ ತನಕ ತೊಳೀಬೇಕು, ಇಲ್ಲದಿದ್ದರೆ ಪೌಡರ್ ಗಂಟುಗಂಟಾಗುತ್ತೆ.

ಸ್ಪಾಂಜ್ ಬೇರೆ ಜಾತಿ. ಒಳಗೆಲ್ಲ ತೂತು, ಒಳಗೆಲ್ಲ ಒದ್ದೆ. ಅದನ್ನು ಪ್ರತಿಸಲ ಬಳಸಿದ ಮೇಲೂ ಹಿಂಡಿ ಹಿಂಡಿ ತೊಳೀಬೇಕು. ಒಳಗೆ ಕಪ್ಪು ಚುಕ್ಕೆ ಕಂಡರೆ ಅದು ಬೂಸಲು, ಬಿಸಾಡಿ. ಒಬ್ಬರಿಗೆ ಬಳಸಿದ ಸ್ಪಾಂಜನ್ನು ಇನ್ನೊಬ್ಬರಿಗೆ ಬಳಸಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಒಣಗಿಸೋದರಲ್ಲೇ ಎಲ್ಲರೂ ಎಡವೋದು. ತೊಳೆದ ಬ್ರಷ್‌ಗಳನ್ನು ಪೆನ್ನಿನ ಹಾಗೆ ಲೋಟದಲ್ಲಿ ತಲೆ ಮೇಲೆ ಮಾಡಿ ನಿಲ್ಲಿಸ್ತಾರೆ. ನೋಡೋಕೆ ಚೆಂದ. ಆದರೆ ನೀರೆಲ್ಲ ಕೆಳಗಿಳಿದು ಆ ತಗಡಿನ ಬಳೆಯೊಳಗೇ ಹೋಗಿ ನಿಲ್ಲುತ್ತೆ. ಕಷ್ಟಪಟ್ಟು ನೀರು ತಾಕಿಸದೆ ತೊಳೆದದ್ದು ದಂಡ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ, ಬೆರಳಲ್ಲಿ ಆಕಾರ ಸರಿ ಮಾಡಿ, ಟೇಬಲ್ಲಿನ ಅಂಚಿಗೆ ಮಲಗಿಸಿ, ಕೂದಲು ಅಂಚಿನಿಂದ ಆಚೆ ಚಾಚಿರಲಿ. ಗಾಳಿ ಸುತ್ತಲೂ ಆಡಬೇಕು. ಜಾಗ ಇಲ್ಲದಿದ್ದರೆ ಬಟ್ಟೆ ಒಣಗಿಸೋ ಕ್ಲಿಪ್ಪಿನಿಂದ ಹಿಡಿಯನ್ನು ಕಚ್ಚಿಸಿ, ತಲೆ ಕೆಳಗಾಗಿ ದಾರಕ್ಕೆ ನೇತುಹಾಕಿ. ಸುಡುಬಿಸಿಲು ಬೇಡ, ಅಂಟು ಮೆತ್ತಗಾಗುತ್ತೆ, ಮರದ ಹಿಡಿ ಸೀಳುತ್ತೆ. ಒಲೆ ಪಕ್ಕ ಅಂತೂ ಬೇಡವೇ ಬೇಡ. ನೆರಳು, ಗಾಳಿ ಸಾಕು. ಧೂಳು ಬೀಳದ ಹಾಗೆ ಮೇಲೊಂದು ತೆಳ್ಳನೆ ಪಂಚೆ.

ಕಣ್ಣಿನ ಸಣ್ಣ ಬ್ರಷ್ ಕೆಲವು ಗಂಟೆಗೆ ಒಣಗುತ್ತೆ. ಪೌಡರಿನ ದಪ್ಪ ಬ್ರಷ್‌ಗೆ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ದಿನವೂ ಹಿಡಿಯಬಹುದು. ಮೇಲೆ ಒಣಗಿದ ಹಾಗೆ ಕಂಡರೂ ಬುಡ ಒದ್ದೆ ಇರುತ್ತೆ, ಕೆನ್ನೆಗೆ ಮುಟ್ಟಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಬೇಕು. ಒದ್ದೆ ಇರುವಾಗಲೇ ಜಿಪ್ ಪೌಚಿನೊಳಗೆ ಹಾಕಿಟ್ಟರೆ ಮುಗ್ಗಲು ವಾಸನೆ ಬರುತ್ತೆ. ಅದಕ್ಕಿಂತ ತೊಳೆಯದೆ ಇಡೋದೇ ಮೇಲು ಅನ್ನಬಹುದು.

ಛತ್ರದಲ್ಲಿ ಮುಖದಿಂದ ಮುಖಕ್ಕೆ ಹೋಗುವಾಗ ತೊಳೆಯೋಕಾಗಲ್ಲ, ಒಪ್ಪಿದೆ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗೋ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಇದೆ. ಸ್ಪ್ರೇ ಬಾಟಲಿಗೆ ಹಾಕಿಕೊಂಡು, ಮೊದಲು ಟಿಶ್ಯೂಗೆ ಬ್ರಷ್ ಒರೆಸಿ ಬಣ್ಣ ತೆಗೆದು, ಕೂದಲು ನೆನೆಯೋ ಹಾಗೆ ಸ್ಪ್ರೇ ಮಾಡಿ, ಮತ್ತೆ ಒರೆಸಿ, ಪೂರ್ತಿ ಆರಲು ಬಿಡಬೇಕು. ಆರದೆ ಕಣ್ಣಿನ ಹತ್ತಿರ ತರಬಾರದು, ಉರಿಯುತ್ತೆ. ದೀಪ, ಕರ್ಪೂರದ ಹತ್ತಿರವೂ ತರಬಾರದು, ಹೊತ್ತಿಕೊಳ್ಳುತ್ತೆ. ಮದುವೆ ಮನೆಯಲ್ಲಿ ಇದನ್ನು ಎರಡು ಸಲ ಹೇಳಬೇಕು. ಇದು ತೊಳೆಯೋದಕ್ಕೆ ಬದಲಿಯೂ ಅಲ್ಲ. ಜಿಡ್ಡು ತುಂಬಿದ ಬ್ರಷ್‌ಗೆ ಆಲ್ಕೋಹಾಲ್ ಹೊಡೆದರೆ ಮೇಲ್ಮೇಲೆ ತೇಲಿ ಹೋಗುತ್ತೆ. ರಾತ್ರಿ ಮನೆಗೆ ಬಂದು ಶ್ಯಾಂಪೂ ಹಾಕಲೇಬೇಕು.

ಐಲೈನರ್, ಮಸ್ಕಾರ ಬಾಟಲಿಗೆ ಈ ಯಾವ ಮದ್ದೂ ಇಲ್ಲ. ಕಡ್ಡಿ ಒಳಗೆ ಹೋದರೆ ರೋಗಾಣುವೂ ಒಳಗೆ ಹೋಯಿತು. ಅವು ಒಬ್ಬರಿಗೊಂದೇ ಇರಬೇಕು. ಲಿಪ್‌ಸ್ಟಿಕ್ ಆದರೆ ಚಾಕುವಿನ ತುದಿಯಿಂದ ಚೂರು ಕೆರೆದು ಸ್ಟೀಲ್ ತಟ್ಟೆಗೆ ಹಾಕಿಕೊಂಡು, ಕಿವಿ ಕಡ್ಡಿಯಿಂದ ಹಚ್ಚಿ ಕಡ್ಡಿ ಬಿಸಾಡಬಹುದು.

ಇದನ್ನೆಲ್ಲ ಕೇಳೋದಕ್ಕೆ ನಮಗೆ ಸಂಕೋಚ. "ಬ್ರಷ್ ತೊಳೆದಿದ್ದೀಯಾ?" ಅಂದರೆ ಅವಳು ಏನಂದುಕೊಂಡಾಳು? ಗಂಡಸರಿಗೆ ಒಂದು ಕಾಲದಲ್ಲಿ ಇದೇ ಸಂಕೋಚ ಇತ್ತು. ಕ್ಷೌರದಂಗಡಿಯಲ್ಲಿ ಒಂದೇ ಕತ್ತಿ ಎಲ್ಲರ ಗಡ್ಡಕ್ಕೂ ಆಡುತ್ತಿತ್ತು. ಏಡ್ಸ್ ಬಗ್ಗೆ ಪ್ರಚಾರ ಶುರುವಾದ ಮೇಲೆ "ಹೊಸ ಬ್ಲೇಡ್ ಹಾಕಪ್ಪ" ಅನ್ನೋದು ಕಲಿತರು. ಈಗ ಕೇಳೋದೇ ಬೇಡ, ಅವರೇ ಕಣ್ಣೆದುರಿಗೆ ಬ್ಲೇಡ್ ಮುರಿದು ಹಾಕ್ತಾರೆ. ಬ್ರಷ್‌ನ ಅಪಾಯ ಬ್ಲೇಡಿನಷ್ಟು ದೊಡ್ಡದಲ್ಲ. ಆದರೆ ಕೇಳೋ ರೂಢಿ ಹಾಗೇ ಬರಬೇಕು.

ಕೇಳೋದಕ್ಕೆ ಮುಂಚೆ ಕೊಡೋದೂ ಕಲಿಯಬೇಕು. ಚೌಕಾಸಿ ಮಾಡೋ ಆ ಐನೂರು ಬಿಟ್ಟರೆ ಅವಳು ಇನ್ನೊಂದು ಸೆಟ್ ಕೊಳ್ತಾಳೆ, ಒಂದು ಒಣಗುವಾಗ ಇನ್ನೊಂದು ಕೈಯಲ್ಲಿರುತ್ತೆ. ಅನುಕೂಲ ಇದ್ದವರು ಮದುವೆ ಹೆಣ್ಣಿಗೇ ಒಂದು ಸಣ್ಣ ಸೆಟ್ ತೆಗೆದುಕೊಡಿ. ನಮ್ಮ ತಾಲೂಕಿನ ಫ್ಯಾನ್ಸಿ ಸ್ಟೋರಿನಲ್ಲಿ ಮುನ್ನೂರು ರೂಪಾಯಿಗೆ ನಾನೇ ತಂದಿದ್ದೇನೆ. ಮದುವೆ ಆದ ಮೇಲೂ ಅವಳದ್ದಾಗಿರುತ್ತೆ. ಬಿಟ್ಟಿ ಟಚಪ್ಪಿಗೆ ಸಾಲು ನಿಲ್ಲೋ ಅತ್ತೆ, ಚಿಕ್ಕಮ್ಮಂದಿರಿಗೆ ನಾನು ಏನು ಹೇಳಲಿ, ನಾನೂ ಆ ಸಾಲಿನಲ್ಲಿ ನಿಂತವಳೇ.

ಈಗ ಆಷಾಢ, ಮದುವೆ ಇಲ್ಲ. ಮೊನ್ನೆ ಅವಳ ಮನೆ ಮುಂದೆ ಹೋಗುವಾಗ ಜಗುಲಿಯ ದಾರದಲ್ಲಿ ಬಟ್ಟೆ ಕ್ಲಿಪ್ಪಿಗೆ ಒಂಬತ್ತು ಬ್ರಷ್‌ಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಪಕ್ಕದ ಮನೆಯ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಾ ಕೂತಿದ್ದಳು. "ಏನವ್ವ ಇವು, ಬಾವಲಿ ನೇತಾಕ್ದಂಗೆ ನೇತಾಕವ್ಳೆ?" ಅಂದಳು. ಎಂಜಲು ತೊಳೆದು ಹಾಕಿದ್ದಾಳೆ ಅಜ್ಜಿ ಅಂದೆ. "ಹಂಗಾದ್ರೆ ಸರಿ ಬಿಡು" ಅಂದು ಅಡಿಕೆ ಕಡಿದಳು.