ಬಿಸಿಲ ನಾಡಿನ ಚಳಿಯ ಮನೆ

ಉತ್ತರ ಭಾರತದಲ್ಲಿ ಚಳಿಗಾಲವು ಮತ್ತೆ ಕಾಲಿಟ್ಟಿದೆ. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಉರಿಸಿ, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗಿದ ಸಂಸಾರವೊಂದು ಬೆಳಗಾಗುವಾಗ ಏಳಲಿಲ್ಲವೆಂಬ ವಾರ್ತೆಯನ್ನು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದಿಲ್ಲಿಯಿಂದಲೋ ಅದರ ಸುತ್ತಣ ಊರುಗಳಿಂದಲೋ ನಾವು ಮೇಲಿಂದ ಮೇಲೆ ಓದುತ್ತ ಬಂದಿದ್ದೇವೆ. ವಾರ್ತೆ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಬೇಸಗೆಯ ಬಿಸಿಗಾಳಿಗೆ ದೊರೆಯುವ ದಪ್ಪಕ್ಷರದ ತಲೆಬರಹವು ಚಳಿಗೆ ದೊರೆಯುವುದಿಲ್ಲ. ನಮ್ಮದು ಬಿಸಿಲ ನಾಡು, ಚಳಿಯೆಂಬುದು ಬಂದು ಹೋಗುವ ನೆಂಟ ಎಂಬ ಭಾವನೆ ಜನರಲ್ಲಿಯೂ ಇದೆ, ಮನೆ ಕಟ್ಟುವವರಲ್ಲಿಯೂ ಇದೆ, ನಿಯಮ ರಚಿಸುವವರಲ್ಲಿಯೂ ಇದೆ. ಉದ್ಯೋಗಕ್ಕೆಂದೋ ವಿದ್ಯೆಗೆಂದೋ ದಿಲ್ಲಿಯ ರೈಲು ಹತ್ತುವ ನಮ್ಮ ಕನ್ನಡಿಗನು ಈ ಭಾವನೆಯನ್ನು ತನ್ನ ಹಾಸಿಗೆಯೊಡನೆ ಸುತ್ತಿಕೊಂಡೇ ಹೊರಡುತ್ತಾನೆ.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣಾಂಶ ೭.೮ ಡಿಗ್ರಿ ಸೆಂಟಿಗ್ರೇಡ್. ಅದು ೧೮೮೪ರ ಜನವರಿ ೧೩ರ ಮಾತು. ನಮ್ಮ ರಾಜಧಾನಿಯು ಒಂದೂವರೆ ಶತಮಾನದಲ್ಲಿ ಒಮ್ಮೆ ಕಂಡ ಆ ಚಳಿ ದಿಲ್ಲಿಯ ಜನವರಿಗೆ ಸಾಮಾನ್ಯ ರಾತ್ರಿಯ ಚಳಿ. ೨೦೨೧ರ ಹೊಸವರ್ಷದ ದಿನ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಉಷ್ಣಾಂಶವು ೧.೧ ಡಿಗ್ರಿಗೆ ಇಳಿದಿತ್ತು. ಅದಕ್ಕಿಂತಲೂ ಕಠಿಣವಾದುದು ೨೦೧೯ರ ಡಿಸೆಂಬರ್ ೩೦. ಅಂದು ಮಂಜು ಕವಿದು ಹಗಲಿನ ಗರಿಷ್ಠ ಉಷ್ಣಾಂಶವೇ ೯.೪ ಡಿಗ್ರಿಯನ್ನು ದಾಟಲಿಲ್ಲ. ರಾತ್ರಿಯ ಚಳಿಯನ್ನು ಹೊದಿಕೆಯಿಂದ ಕಳೆಯಬಹುದು; ಬಿಸಿಲು ಕಾಣದ ಹಗಲುಗಳು ಒಂದರ ಹಿಂದೊಂದು ಬಂದಾಗ ಮನೆಯ ಗೋಡೆಯೇ ತಣ್ಣಗಾಗಿ ಕುಳಿತುಬಿಡುತ್ತದೆ.

ದಿಲ್ಲಿಯಲ್ಲಿ ಒಂದು ಚಳಿಗಾಲ ಕಳೆದ ಯಾರಿಗಾದರೂ ಈ ವಿಚಿತ್ರ ಗೊತ್ತು: ನಡುಹಗಲಿನಲ್ಲಿ ಹೊರಗಡೆ ಹಿತವಾದ ಬಿಸಿಲು, ಒಳಗಡೆ ಕಾಲಿಡಲಾಗದ ತಣ್ಣನೆಯ ನೆಲ. ಇದಕ್ಕೆ ಕಾರಣ ಗೂಢವಾದುದೇನಲ್ಲ. ಮೇ, ಜೂನ್ ತಿಂಗಳುಗಳ ಉರಿಯನ್ನು ತಡೆಯುವುದೊಂದನ್ನೇ ಲಕ್ಷ್ಯದಲ್ಲಿಟ್ಟು ಮೊಸಾಯಿಕ್ ಅಥವಾ ಅಮೃತಶಿಲೆಯ ನೆಲ, ಗಾಳಿಯಾಡಲೆಂದು ಸಂದು ಬಿಟ್ಟ ಬಾಗಿಲು, ಒಂದೇ ಪದರದ ಗಾಜಿನ ಕಿಟಕಿ ಇವನ್ನೆಲ್ಲ ಮಾಡಲಾಗಿದೆ. ಇಟ್ಟಿಗೆಯ ದಪ್ಪ ಗೋಡೆ ಬೇಗ ಬಿಸಿಯಾಗುವುದಿಲ್ಲ, ನಿಜ. ಒಮ್ಮೆ ತಣಿದರೆ ಬೇಗ ಬಿಸಿಯೇರುವುದೂ ಇಲ್ಲ. ಮೇಲಿನ ಕಾಂಕ್ರೀಟು ತಾರಸಿಯಂತೂ ಮೋಡವಿಲ್ಲದ ರಾತ್ರಿಯಲ್ಲಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಚೆಲ್ಲಿಬಿಡುತ್ತದೆ. ಬಾಡಿಗೆ ಕಡಮೆಯೆಂದು ಹೊಸಬರು ಹಿಡಿಯುವ ‘ಬರ್ಸಾತಿ’ ಎಂಬ ಮಾಳಿಗೆಯ ಕೋಣೆ ಬೇಸಗೆಯಲ್ಲಿ ಹಂಚು, ಚಳಿಗಾಲದಲ್ಲಿ ಮಂಜುಗಡ್ಡೆ. ಐ.ಎ.ಎಸ್. ಪರೀಕ್ಷೆಗೆಂದು ರಾಜಿಂದರ್ ನಗರ, ಮುಖರ್ಜಿ ನಗರಗಳಿಗೆ ಬರುವ ತರುಣರಿಗೆ ಹಲವೆಡೆ ಸಿಗುವುದು ಕಿಟಕಿಯೇ ಇಲ್ಲದ ಗೂಡು. ಅವರ ಗತಿಯನ್ನು ನೆನೆದೇ ನಾವು ಇಂದು ಮುಖ್ಯವಾಗಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

೧೯೧೧ರಲ್ಲಿ ರಾಜಧಾನಿಯನ್ನು ಕಲಕತ್ತೆಯಿಂದ ದಿಲ್ಲಿಗೆ ತರುವುದಾಗಿ ಸಾರಿದ ಆಂಗ್ಲರು ಬೇಸಗೆಯನ್ನು ಸಿಮ್ಲೆಯಲ್ಲಿ ಕಳೆದು ಚಳಿಗಾಲಕ್ಕೆ ಮಾತ್ರ ಈ ಊರಿಗೆ ಇಳಿದು ಬರುತ್ತಿದ್ದರು. ಚಳಿಯ ದೇಶದಿಂದ ಬಂದ ಆ ಜನ ಕೂಡ ಹೊಸದಿಲ್ಲಿಯ ತಮ್ಮ ಬಂಗಲೆಗಳಲ್ಲಿ ಗೋಡೆಯೊಳಗೆ ಒಲೆ ಕಟ್ಟಿಸಿ ಮೇಲಕ್ಕೆ ಹೊಗೆಗೂಡು ಏರಿಸದೆ ಬಿಡಲಿಲ್ಲ. ಅವರ ತರುವಾಯ ಕಟ್ಟಿದ ಸರ್ಕಾರಿ ವಸತಿಗಳಿಗೂ ಇಂದಿನ ಬಹುಮಹಡಿಯ ಫ್ಲ್ಯಾಟುಗಳಿಗೂ ಹೊಗೆಗೂಡು ಇಲ್ಲ. ಹೊಗೆಗೂಡು ಹೋಯಿತು, ಕೆಂಡ ಮಾತ್ರ ಉಳಿಯಿತು. ಅನಾಹುತಗಳಿಗೆಲ್ಲ ಇದೇ ಮೂಲ.

ಹಿಂದಿಯವರು ಅಂಗೀಠಿ ಎನ್ನುವುದೂ ನಾವು ಅಗ್ಗಿಷ್ಟಿಕೆ ಎನ್ನುವುದೂ ಸಂಸ್ಕೃತದ ‘ಅಗ್ನಿಷ್ಠಿಕೆ’ಯ ಮಕ್ಕಳೇ. ವಸ್ತುವೂ ನಮಗೆ ಹೊಸದಲ್ಲ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು, ಕೂಸಿಗೆ ಸಾಂಬ್ರಾಣಿಯ ಹೊಗೆ ಹಾಕದ ಮನೆ ನಮ್ಮ ಹಿರಿಯರ ಕಾಲದಲ್ಲಿ ಎಷ್ಟಿತ್ತು? ಮಲೆನಾಡಿನಲ್ಲಿ ಬಚ್ಚಲ ಹಂಡೆಯೊಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಚಳಿ ಕಾಯಿಸಿಕೊಳ್ಳದ ಮಗುವೇ ಇರಲಿಲ್ಲ. ಆದರೆ ಆ ಮನೆಗಳಿಗೆ ಹಂಚಿನ ಮಾಡಿತ್ತು. ಹಂಚು ಹಂಚಿನ ನಡುವೆ ಸಂದಿತ್ತು, ಗೋಡೆಯ ತಲೆಯಲ್ಲಿ ಗವಾಕ್ಷಿಯಿತ್ತು. ಮನೆಯೇ ಉಸಿರಾಡುತ್ತಿತ್ತು. ಅಜ್ಜಿಯ ಮನೆಯಲ್ಲಿ ಏನೂ ಆಗಲಿಲ್ಲವೆಂಬ ಧೈರ್ಯದ ಮೇಲೆ ಅದೇ ಕೆಂಡವನ್ನು ಹತ್ತಡಿ ಚೌಕದ ಕಾಂಕ್ರೀಟು ಕೋಣೆಗೆ ಒಯ್ದು, ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿ ಮಲಗುವುದು ಮೃತ್ಯುವಿಗೆ ಹಾಸಿಗೆ ಹಾಸಿದಂತೆ.

ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೆಮ್ಮು ತರುವುದಿಲ್ಲ, ಕಣ್ಣುರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಬಳಿಕ ಮಂಪರು. ಎಚ್ಚರವಾಗಿದ್ದವನು ಎದ್ದು ಹೊರಗೆ ಹೋದಾನು. ನಿದ್ರಿಸುವವನಿಗೆ ಎಚ್ಚರವೇ ಆಗುವುದಿಲ್ಲ. ಹೊಗೆ ಕಳೆದು ನಿಗಿನಿಗಿಯಾದ ಮೇಲೆ ಕೆಂಡವನ್ನು ಒಳಗೆ ತಂದರೆ ಅಪಾಯವಿಲ್ಲವೆಂದು ಹಲವರು ತಿಳಿದಿದ್ದಾರೆ. ಇದು ಶುದ್ಧ ತಪ್ಪು. ಕಣ್ಣಿಗೆ ಕಾಣುವ ಹೊಗೆಯೂ ಈ ಅನಿಲವೂ ಬೇರೆ ಬೇರೆ. ಮಗ್ಗುಲಲ್ಲಿ ನೀರಿನ ಬೋಗುಣಿಯಿಟ್ಟರೂ ಫಲವಿಲ್ಲ, ಬೂದಿ ಮುಚ್ಚಿದರೂ ಇಲ್ಲ. ಒಂದೇ ಕೋಣೆಯಲ್ಲಿರುವ ಇಬ್ಬರು ಮೂವರಿಗೆ ಒಮ್ಮೆಲೇ ತಲೆ ಸಿಡಿಯತೊಡಗಿದರೆ ಚಹ ಕುಡಿಯುತ್ತ ಕುಳಿತುಕೊಳ್ಳದೆ ತಕ್ಷಣವೇ ಬಯಲಿಗೆ ಬಂದು ವೈದ್ಯರಲ್ಲಿಗೆ ಹೋಗಬೇಕು. ಮಲಗುವ ಕೋಣೆಯೊಳಗೆ ಕೆಂಡ ಸಲ್ಲದು. ಈ ಮಾತಿಗೆ ಅಪವಾದವಿಲ್ಲ.

ಮುಂಬಯಿ, ಪುಣೆಗಳ ವಾಚಕರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಪುಟ ತಿರುವದಿರಲಿ. ಸಣ್ಣ ಬಚ್ಚಲುಮನೆಯಲ್ಲಿ ಗ್ಯಾಸಿನ ಗೀಸರು ಹೊತ್ತಿಸಿ, ಚಳಿಗಾಳಿ ಬಾರದಿರಲೆಂದು ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತವರನ್ನು ಕೊಲ್ಲುವುದೂ ಇದೇ ಅನಿಲ. ಅಲ್ಲಿ ಅಗ್ಗಿಷ್ಟಿಕೆ ಗೋಡೆಯ ಮೇಲೆ ತೂಗುತ್ತಿದೆ, ಅಷ್ಟೇ ವ್ಯತ್ಯಾಸ. ಗೀಸರು ಬಚ್ಚಲಿನ ಹೊರಗಿರಬೇಕು; ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಬೇಕು.

ಚಳಿಯಿಂದಾಗುವ ಮರಣವೆಲ್ಲ ಹೀಗೆ ಸುದ್ದಿಯಾಗುವುದೂ ಇಲ್ಲ. ಮೈಗೆ ಚಳಿ ತಾಕಿದಾಗ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತದೊತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೊಂದು ಕಾರಣ. ಭಾರತದ ಮರಣಗಳನ್ನು ಕುರಿತು ೨೦೧೮ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅತಿಯಾದ ಸೆಕೆಗಿಂತಲೂ ಅತಿಯಾದ ಚಳಿಗಿಂತಲೂ ಮಿತವಾದ ಚಳಿಯ ಲೆಕ್ಕಕ್ಕೆ ಸೇರುವ ಸಾವುಗಳೇ ಹೆಚ್ಚೆಂದು ಕಂಡುಬಂದಿತು. ಬಿಸಿಲ ನಾಡಿನವರು ಓದಿ ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳಬೇಕಾದ ಮಾತಿದು. ಶೀತ ಮತ್ತು ಸಮಶೀತೋಷ್ಣ ಪ್ರದೇಶಗಳಲ್ಲಿ ಮನೆಯೊಳಗಿನ ಉಷ್ಣಾಂಶ ೧೮ ಡಿಗ್ರಿಗಿಂತ ಇಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸೂಚಿಸಿತು. ದಿಲ್ಲಿಯ ಉತ್ತರಮುಖದ ಕೋಣೆಯೊಂದರಲ್ಲಿ ಜನವರಿಯಲ್ಲಿ ಉಷ್ಣಮಾಪಕ ತೂಗಹಾಕಿ ನೋಡಿದವರಿಗೆ ಆ ಹದಿನೆಂಟು ಎಷ್ಟು ದೂರವೆಂಬುದು ತಿಳಿಯುತ್ತದೆ.

ಊರಿನಿಂದ ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳ ವಿಷಯ ಇಲ್ಲಿ ವಿಶೇಷವಾಗಿ ವಿಚಾರಾರ್ಹ. ಧನುರ್ಮಾಸವು ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ; ದಿಲ್ಲಿಯ ಚಳಿ ಕಟುವಾಗುವುದೂ ಆ ಅವಧಿಯಲ್ಲಿಯೇ. ಎಪ್ಪತ್ತು ವರ್ಷದ ತಾಯಿ ಸೂರ್ಯೋದಯಕ್ಕೆ ಮೊದಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಪೂಜೆಗೆ ಕುಳಿತು, ದೇವರಿಗೆ ಹುಗ್ಗಿಯ ನೈವೇದ್ಯವಾಗುವ ತನಕ ಬರಿಯ ನೆಲವನ್ನು ಬಿಟ್ಟೇಳುವುದಿಲ್ಲ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ನಡೆಸಿಕೊಂಡು ಬಂದ ವ್ರತವನ್ನು ಬಿಡಿರೆಂದು ಹೇಳುವ ಅಧಿಕಾರ ನಮಗಿಲ್ಲ. ಬಚ್ಚಲನ್ನು ಹದಿನೈದು ನಿಮಿಷ ಮುಂಚೆ ಬಿಸಿಮಾಡಿಟ್ಟು, ಒಣ ಮಡಿಯನ್ನು ಕೈಗೆ ಸಿಗುವಂತೆ ಇರಿಸಿ, ದೇವರ ಮುಂದೆ ದಪ್ಪ ಮಣೆಯ ಮೇಲೊಂದು ಧಾಬಳಿ ಹಾಸಿಕೊಡಲು ಮಗನಿಗೂ ಸೊಸೆಗೂ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ವಯಸ್ಸಾದವರಿಗೆ ಚಳಿಯ ಅರಿವೂ ಮಂದವಾಗುತ್ತದೆ. ‘ನನಗೇನೂ ಚಳಿಯಿಲ್ಲ’ ಎಂದು ಅಮ್ಮ ಹೇಳಿದ ಮಾತ್ರಕ್ಕೆ ಮಕ್ಕಳು ಸಮಾಧಾನಪಟ್ಟುಕೊಳ್ಳಲಾಗದು.

ಇನ್ನು ಮನೆಯನ್ನು ಬೆಚ್ಚಗಿಡುವ ಬಗೆ. ಬಿಸಿಲ ನಾಡಿಗೆ ಇರುವ ಸೌಭಾಗ್ಯವೆಂದರೆ ಬಿಸಿಲೇ. ಚಳಿಗಾಲದಲ್ಲಿ ಅದನ್ನು ಕರೆಯಲು ಮಾತ್ರ ನಾವು ಮರೆಯುತ್ತೇವೆ. ದಿಲ್ಲಿಯಲ್ಲಿ ಜೂನ್ ಕೊನೆಯ ನಡುಹಗಲಿನ ಸೂರ್ಯ ದಿಗಂತದಿಂದ ೮೫ ಡಿಗ್ರಿ ಎತ್ತರದಲ್ಲಿ, ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣಕ್ಕೆ ವಾಲಿ ೩೮ ಡಿಗ್ರಿಗೆ ಇಳಿದಿರುತ್ತಾನೆ. ಆದುದರಿಂದ ದಕ್ಷಿಣದ ಕಿಟಕಿಯ ಮೇಲೆ ಎರಡಡಿಯ ಸಜ್ಜಾ ಇದ್ದರೆ ಜೂನಿನ ನಡುಹಗಲಲ್ಲಿ ಕಿಟಕಿಗೆ ಪೂರ್ಣ ನೆರಳು. ಡಿಸೆಂಬರಿನಲ್ಲಿ ಮೇಲಿನ ಒಂದೂವರೆ ಅಡಿಯಷ್ಟು ಮಾತ್ರ ನೆರಳು, ಕೆಳಗೆಲ್ಲ ಬಿಸಿಲು. ಒಂದು ಸಿಮೆಂಟಿನ ಹಲಗೆ ಎರಡು ಋತುಗಳ ಕೆಲಸ ಮಾಡುತ್ತದೆ. ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ, ನಮ್ಮವರು ನೀರು, ಮೆಟ್ರೊ, ಶಾಲೆಗಳನ್ನು ವಿಚಾರಿಸುವುದುಂಟು. ದಕ್ಷಿಣ ಯಾವ ಕಡೆಯೆಂದು ಕೇಳುವುದು ವಾಸ್ತುವಿಗಾಗಿ ಮಾತ್ರ. ದಕ್ಷಿಣದ ಕಿಟಕಿ ಅಶುಭವೆಂದು ಪರದೆ ಎಳೆದು, ಆ ಕಡೆಯೇ ಕಪಾಟು ಒತ್ತಿ ನಿಲ್ಲಿಸಿ, ಸಂಜೆ ಎರಡು ಸಾವಿರ ವಾಟಿನ ಹೀಟರು ಹೊತ್ತಿಸುವ ಮನೆಗಳನ್ನು ನಾವು ಬಲ್ಲೆವು. ಬೆಳಗ್ಗೆ ಬಿಸಿಲೇರಿದೊಡನೆ ಪರದೆ ಸರಿಸುವುದು, ಸಂಜೆ ನಾಲ್ಕಕ್ಕೆ ದಪ್ಪ ಪರದೆ ಎಳೆಯುವುದು, ಇಷ್ಟರಿಂದಲೇ ಆಗುವ ಭೇದವನ್ನು ನೋಡಿಯೇ ತಿಳಿಯಬೇಕು.

ಹೀಟರು ಬೇಡವೆಂದು ನಾವು ಹೇಳುವವರಲ್ಲ. ಎರಡು ಸಾವಿರ ವಾಟಿನದು ಗಂಟೆಗೆ ಎರಡು ಯೂನಿಟ್ಟು ವಿದ್ಯುತ್ತು ನುಂಗುತ್ತದೆ, ದಿನಕ್ಕೆ ನಾಲ್ಕು ಗಂಟೆಯಾದರೆ ತಿಂಗಳಿಗೆ ೨೪೦ ಯೂನಿಟ್ಟು. ಅದು ಎಳೆಯುವ ಒಂಬತ್ತು ಆಂಪೇರನ್ನು ಗೋಡೆಯ ಸಣ್ಣ ಪ್ಲಗ್ಗು ತಾಳಲಾರದು. ದೊಡ್ಡ ಪ್ಲಗ್ಗಿಗೇ ಹಾಕಬೇಕು. ಬಿಸಿಯನ್ನೂ ಕೊಡಬಲ್ಲ ಏರ್ ಕಂಡಿಷನರ್ ಇದ್ದವರು ಅದನ್ನೇ ಬಳಸಲಿ. ಅಷ್ಟೇ ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖವನ್ನು ಅದು ಕೊಡುತ್ತದೆ. ಆದರೆ ಸಂದುಗೊಂದುಗಳ ಮನೆಯನ್ನೆಲ್ಲ ಬಿಸಿಮಾಡಹೋಗುವುದಕ್ಕಿಂತ ಮನುಷ್ಯನನ್ನು ಬೆಚ್ಚಗಿಡುವುದು ಸುಲಭವೆಂಬುದನ್ನು ಉತ್ತರದ ಬಡವರು ನಮಗಿಂತ ಚೆನ್ನಾಗಿ ಅರಿತಿದ್ದಾರೆ. ರಜಾಯಿಯಲ್ಲಿ ಬೆಚ್ಚಗಿಡುವುದು ಹತ್ತಿಯಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದುಮಿ ಗಂಟಾದ ಹತ್ತಿಯನ್ನು ಪಿಂಜಾರನಿಂದ ಮತ್ತೆ ಹಿಂಜಿಸಿದರೆ ಹಳೆಯ ರಜಾಯಿ ಹೊಸದಾಗುತ್ತದೆ. ಊರಿನ ಕೌದಿ, ಚಳ್ಳಕೆರೆಯ ಕಡೆಯ ಕುರಿಯುಣ್ಣೆಯ ಕಂಬಳಿ, ನೆಲಕ್ಕೆ ನವಲಗುಂದದ ಜಮಖಾನೆ ಇವು ಅಟ್ಟದಲ್ಲಿ ಇರಬೇಕಾದ ವಸ್ತುಗಳಲ್ಲ. ಕಂಬಳಿ ಚುಚ್ಚುತ್ತದೆಂಬ ದೂರು ಉಂಟು. ಒಳಗೊಂದು ಹತ್ತಿಯ ದುಪ್ಪಟಿ ಸೇರಿಸಿದರೆ ಅದೂ ತೀರಿತು.

ಸರ್ಕಾರಕ್ಕೂ ಒಂದು ಮಾತು. ವಾಸದ ಮನೆಗಳ ಶಕ್ತಿ ಉಳಿತಾಯಕ್ಕೆಂದು ೨೦೧೮ರಲ್ಲಿ ಕೇಂದ್ರವು ಹೊರತಂದ ಎಕೋ ನಿವಾಸ್ ಸಂಹಿತೆ ಸ್ವಾಗತಾರ್ಹವಾದುದು. ತಾರಸಿಯ ಮೂಲಕ ಶಾಖ ಹಾಯುವುದಕ್ಕೆ ಅದು ಮಿತಿ ಹಾಕಿದೆ. ಅದರಿಂದ ಬೇಸಗೆಗೂ ಲಾಭ, ಚಳಿಗಾಲಕ್ಕೂ ಲಾಭ. ಗೋಡೆ ಕಿಟಕಿಗಳ ಲೆಕ್ಕ ಮಾತ್ರ, ಶೀತಪ್ರದೇಶವೊಂದನ್ನು ಬಿಟ್ಟು, ಹೊರಗಿನಿಂದ ಒಳಬರುವ ಶಾಖದ ಲೆಕ್ಕ. ಒಳಗಿನಿಂದ ಸೋರಿಹೋಗುವುದನ್ನು ಕೇಳುವವರಿಲ್ಲ. ‘ಮಿಶ್ರ ಹವೆ’ಯ ಊರೆಂದು ದಿಲ್ಲಿಯನ್ನು ವರ್ಗೀಕರಿಸಿದ ಮೇಲೆ ಮಿಶ್ರಣದ ಅರ್ಧವನ್ನು ಮರೆಯುವುದು ಸರಿಯಲ್ಲ. ಕಿಟಕಿಯಿಲ್ಲದ ಗೂಡುಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವವರ ಮೇಲೆ ನಗರಸಭೆಯ ಕಣ್ಣು ಅನಾಹುತ ನಡೆದ ಮರುದಿನ ಮಾತ್ರ ಬೀಳುವುದೂ ಸರಿಯಲ್ಲ.

ಕಾವಲುಗಾರರ ವಿಷಯದಲ್ಲಿ ನಿಯಮವಾದರೂ ಇದೆ. ರಾಜಧಾನಿ ವಲಯದ ವಾಯುಮಾಲಿನ್ಯ ತಡೆಗಾಗಿರುವ ‘ಗ್ರಾಪ್’ ಯೋಜನೆಯು, ಬೀದಿಯಲ್ಲಿ ಕಸಕಡ್ಡಿ ಸುಟ್ಟು ಚಳಿ ಕಾಯಿಸುವುದು ನಿಲ್ಲಬೇಕೆಂಬ ಉದ್ದೇಶದಿಂದ, ಕಾವಲಿನವರಿಗೆ ವಿದ್ಯುತ್ ಹೀಟರು ಒದಗಿಸುವ ಹೊಣೆಯನ್ನು ನಿವಾಸಿಗಳ ಸಂಘಗಳ ಮೇಲೆ ಹೊರಿಸಿದೆ. ನಮ್ಮವರು ಕಾರ್ಯದರ್ಶಿಗಳೋ ಖಜಾಂಚಿಗಳೋ ಆಗಿರುವ ಸೊಸೈಟಿಗಳು ದ್ವಾರಕೆಯಿಂದ ನೊಯ್ಡಾದವರೆಗೆ ಇವೆ. ದ್ವಾರದ ಗೂಡಿನಲ್ಲಿ ಹೀಟರು ಇದೆಯೇ, ಅದಕ್ಕೆ ತಕ್ಕ ಪ್ಲಗ್ಗು ಇದೆಯೇ, ಅಥವಾ ರಾತ್ರಿ ಎರಡು ಗಂಟೆಗೆ ಅಲ್ಲಿ ಇದ್ದಿಲಿನ ಡಬ್ಬಿ ಉರಿಯುತ್ತಿದೆಯೇ ಎಂಬುದನ್ನು ಅವರು ಈ ವಾರವೇ ಇಳಿದು ನೋಡಬಹುದು. ಕರ್ನಾಟಕ ಸಂಘಗಳವರು ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಸಭೆ ಸೇರುವ ಹೊತ್ತಿಗೆ ಕಠಿಣ ದಿನಗಳಲ್ಲಿ ಅರ್ಧ ಕಳೆದುಹೋಗಿರುತ್ತವೆ. ಈ ವರ್ಷ ಹೊಸದಾಗಿ ಬಂದ ವಿದ್ಯಾರ್ಥಿಗಳ ಕೋಣೆಗಳಿಗೆ ಅದಕ್ಕೆ ಮೊದಲೇ, ಡಿಸೆಂಬರಿನ ಯಾವುದಾದರೂ ಭಾನುವಾರ, ನಾಲ್ಕು ಕಂಬಳಿಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿಬರುವಂತೆ ನಾವು ಅವರನ್ನು ಕೇಳಿಕೊಳ್ಳುತ್ತೇವೆ. ಹೋದಾಗ ಮಂಚದ ಕೆಳಗೆ ಅಗ್ಗಿಷ್ಟಿಕೆ ಇದೆಯೇ ಎಂದೂ ಬಗ್ಗಿ ನೋಡಲಿ.